ಹೆಂಡತಿಗೆ ಆಪರೇಷನ್, ಗಂಡನಿಗೆ ಹರಳೆಣ್ಣೆ

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನನ್ನು ಕಾಣಲು ಬಂದರೆ, ನೋವಾಗದಂತೆ ಸೂಜಿ ಚುಚ್ಚುವುದು ಹೇಗೆ ಎಂದು ಕೇಳುತ್ತಾರೆ. ಅದು ಹದಿನೈದು ದಿನದಲ್ಲಿ ತಾನಾಗಿ ಬರುತ್ತದೆ. ನನಗೆ ಒಂಬತ್ತು ವರ್ಷವಾದರೂ ಬಾರದೆ ಕಾಡಿದ್ದು ಬೇರೆ. ಕತ್ತಿ ಹಾಕುವ ಮೊದಲು ರೋಗಿಗೆ ಏನು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು, ರೋಗಿಯಲ್ಲದೆ ಇನ್ನು ಯಾರಿಗೆ ಹೇಳಬೇಕು ಎಂಬುದು. ಅದನ್ನು ಕಲಿಸಿದವರು ಕೊರಟಗೆರೆಯ ಒಂದೇ ಮನೆಯ ಮೂವರು. ನನ್ನ ಸಂಬಳ, ಬಡ್ತಿಗಳ ವಿಚಾರ ಯಾರಿಗೂ ಬೇಕಿಲ್ಲ, ನನಗೂ ಬೇಡ. ಆ ಮೂವರ ಕಥೆಯನ್ನೇ ಬರೆಯುತ್ತೇನೆ.

ನಾನು ಪಾವಗಡದ ಕಡೆಯವಳು. ಮದುವೆಯಾದ ಎರಡನೇ ವರ್ಷ ಗಂಡ ಹೋದರು. ಬೆಂಗಳೂರಿನಲ್ಲಿ ನರ್ಸ್ ತರಬೇತಿ ಮುಗಿಸಿ ಮಧುಗಿರಿಯಲ್ಲಿ ದಾನಿಯೊಬ್ಬರು ಕಟ್ಟಿಸಿದ್ದ ಹನ್ನೆರಡು ಹಾಸಿಗೆಯ ಧರ್ಮಾಸ್ಪತ್ರೆಗೆ ಸೇರಿದೆ. ಆ ಕಟ್ಟಡ ಈಗ ಇಲ್ಲ. ಆಗ ಅಲ್ಲಿದ್ದ ಹಳೆಯ ಡಾಕ್ಟರು ಮೊದಲ ದಿನವೇ ನನಗೆ ಒಂದು ಮಂತ್ರ ಕೊಟ್ಟರು. "ರೋಗಿಗೆ ಏನೂ ಹೇಳಬೇಡಮ್ಮ. ಹೇಳಿದರೆ ಓಡಿಹೋಗುತ್ತವೆ."

ನಾನು ಮೊದಲ ವರ್ಷವೇ ಮಂತ್ರ ಮರೆತೆ. ತಿರುಮಣಿಯಿಂದ ಒಬ್ಬ ಬಾಣಂತಿ ಬಂದಿದ್ದಳು. ಮೊಲೆಯಲ್ಲಿ ಹಾಲು ಕಟ್ಟಿ ಕೀವಾಗಿತ್ತು. ಮೊಲೆ ಎನ್ನುವ ಮಾತು ಬಾಯಿಗೆ ಬರಲು ನನಗೆ ನಾಚಿಕೆ. ಬಹಳ ಗೌರವದಿಂದ, "ಎದೆ ಕುಯ್ಯಬೇಕಮ್ಮ, ಸ್ವಲ್ಪವೇ" ಎಂದೆ. ಅವಳು ತಾಯಿಯ ಕಡೆ ತಿರುಗಿ, "ಅಮ್ಮಾ, ಗುಂಡೆ ಕೋಸ್ತಾರಂಟ!" ಎಂದು ಚೀರಿದಳು. ತೆಲುಗಿನವಳು, ಎದೆ ಎಂದರೆ ಒಳಗಿನ ಗುಂಡಿಗೆಯನ್ನೇ ಕುಯ್ಯುತ್ತಾರೆ ಎಂದುಕೊಂಡುಬಿಟ್ಟಳು. ನಾನು ಬಿಸಿನೀರು ತರುವಷ್ಟರಲ್ಲಿ ತಾಯಿ, ಮಗಳು, ಮಗು ಮೂವರೂ ಹಿಂಬಾಗಿಲಿನಿಂದ ಹೋಗಿ ಬಸ್ಸು ಹತ್ತಿದ್ದರು. ಎಂಟು ದಿನ ಬಿಟ್ಟು ಅವಳ ತಾಯಿ ಒಂದು ಸೋರೆಕಾಯಿ ಹಿಡಿದು ಬಂದಳು. "ನಿಮ್ ಕತ್ತಿ ವದ್ದು, ಬ್ಯಾಡ ಕಣಮ್ಮ. ಬಸ್ಸು ಹಳ್ಳದಾಗ ಎತ್ತಾಕಿದ್ದಕ್ಕೆ ಅದೇ ಒಡ್ದೋಯ್ತು" ಎಂದಳು. ಅಂದಿನಿಂದ ನಾನು ಎದೆ ಎಂದರೆ ಎದೆ, ಮೊಲೆ ಎಂದರೆ ಮೊಲೆ ಎಂದೇ ಹೇಳುತ್ತಾ ಬಂದೆ. ಇದು ಮೊದಲ ಪಾಠ.

ಯುದ್ಧದ ಕಾಲದಲ್ಲಿ ಹಳೆಯ ಡಾಕ್ಟರು ಹೋಗಿ ರಾಯರು ಬಂದರು. ಕಡಲಾಚೆಯ ಸೀಮೆಗೆ ಹೋಗಿ ಓದಿ ಬಂದವರು, ಇನ್ನೂ ನಲವತ್ತಾಗಿರಲಿಲ್ಲ. ಸುಳ್ಳು ಹೇಳಲು ಬಾರದ ಮನುಷ್ಯ. "ಗುಣ ಆಗ್ತದಾ ಸ್ವಾಮಿ?" ಎಂದು ಯಾರಾದರೂ ಕೇಳಿದರೆ, "ಗೊತ್ತಿಲ್ಲ" ಎಂದುಬಿಡುತ್ತಿದ್ದರು. ಡಾಕ್ಟರಿಗೇ ಗೊತ್ತಿಲ್ಲವಂತೆ ಎಂದು ಊರವರು ಮೊದಮೊದಲು ಅವರ ಹತ್ತಿರ ಬರಲೇ ಇಲ್ಲ. ಆಮೇಲೆ ಗಾಡಿ ಹೊಡೆಯುವವನೊಬ್ಬನ ಮಗುವಿನ ಸೀಳುತುಟಿ ಹೊಲಿದು ನೆಟ್ಟಗೆ ಮಾಡಿದರು. ಆ ಸುದ್ದಿ ಕೊರಟಗೆರೆ ಮುಟ್ಟಿತು. ಅದನ್ನು ಕೇಳಿಯೇ ಪಾರ್ವತಮ್ಮ ಬಂದದ್ದು.

ಪಾರ್ವತಮ್ಮ ಕಡಲೆಕಾಯಿ ವ್ಯಾಪಾರಿ ನಂಜುಂಡಪ್ಪನ ಹೆಂಡತಿ. ಮೂವತ್ತಾರು ವರ್ಷ, ಮೂರು ಮಕ್ಕಳು. ಎಲ್ಲಿ ನೋವು ಎಂದು ಕೇಳಿದೆ. ಸೆರಗು ಸರಿಸಿ ತೋರಿಸಿದಳು. ಎರಡು ಮೊಲೆಯೂ ಹೊಕ್ಕುಳವನ್ನು ಮುಟ್ಟುತ್ತಿದ್ದವು. ಅವುಗಳ ಅಡಿಯಲ್ಲಿ ಬೆವರು ನಿಂತು ಚರ್ಮ ಹಸಿ ಹುಣ್ಣಾಗಿತ್ತು. ಕುಪ್ಪಸ ಹೊತ್ತ ಭಾರಕ್ಕೆ ಹೆಗಲ ಮೇಲೆ ಎರಡು ಕಾಲುವೆ ತೋಡಿದಂತೆ ಗುರುತು.

"ಒರಳಲ್ಲಿ ರುಬ್ಬಕ್ಕೆ ಬಗ್ಗಿದ್ರೆ ನಾನೂ ರುಬ್ತೀನಿ, ಇವೂ ರುಬ್ತವೆ ನರ್ಸಮ್ಮ. ಮೂರ್ ವರ್ಸದಿಂದ ಬೆನ್ನು ನೆಟ್ಗೆ ಮಾಡಿ ನಿಂತಿಲ್ಲ. ತುಟಿ ಹೊಲ್ದೋರು ಇದ್ನ ಎತ್ತಿ ಹೊಲಿಯಲ್ವಾ?"

ರಾಯರು ನೋಡಿದರು. "ಮಾಡಬಹುದು. ಆದರೆ ಬರೀ ಎತ್ತಿದರೆ ಆಕಾರ ಬರುತ್ತದೆ, ಭಾರ ಹೋಗುವುದಿಲ್ಲ. ನಿಮಗೆ ಸ್ವಲ್ಪ ತೆಗೆದು, ಉಳಿದದ್ದನ್ನು ಎತ್ತಿ ಹೊಲಿಯಬೇಕು" ಎಂದರು.

ಪಾರ್ವತಮ್ಮ ಕಾಲು ಮಡಿಸಿ ಬೆಂಚಿನ ಮೇಲೆ ಸರಿಯಾಗಿ ಕೂತಳು. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುವವರ ಮುಖ ಅವಳಿಗೆ ಬಂತು.

"ಸ್ವಾಮಿ, ಇಂಥಾವು ಎಷ್ಟು ಮಾಡಿದೀರಾ?"

ನಾನು ಗಾಬರಿಯಾದೆ. ಡಾಕ್ಟರನ್ನು ಯಾರೂ ಹೀಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ರಾಯರು ಮಾತ್ರ ಬೆರಳು ಮಡಿಸಿ ಎಣಿಸಿದರು. "ಸೀಮೆಯಲ್ಲಿ ಆರು ನೋಡಿದ್ದೇನೆ. ಎರಡರಲ್ಲಿ ಗುರುಗಳ ಜೊತೆ ಕೈ ಹಾಕಿದ್ದೇನೆ. ಒಬ್ಬನೇ ಮಾಡಿದ್ದು ಒಂದೂ ಇಲ್ಲ."

"ಆ ಎರಡು ಹೆಂಗಾದ್ವು?"

"ಒಬ್ಬರದು ಚೆನ್ನಾಗಿ ಬಂತು. ಇನ್ನೊಬ್ಬರದು ಎಡಗಡೆಯದು ಒಂದು ಬೆರಳು ಕೆಳಗೆ ನಿಂತಿತು."

"ಒಂದು ಬೆಳ್ಳಾ? ನಂದು ಈಗ್ಲೇ ನಾಕು ಬೆಳ್ಳು ಕೆಳ್ಗೈತೆ. ಮೂರು ಬೆಳ್ಳು ಲಾಬ." ಆಮೇಲೆ ಕೇಳಿದಳು. "ಸಾಯ್ತೀನಾ?"

"ಕೀವಾದರೆ, ರಕ್ತ ನಿಲ್ಲದಿದ್ದರೆ, ಕ್ಲೋರೋಫಾರ್ಮ್ ಒಗ್ಗದಿದ್ದರೆ ಅಪಾಯ ಇದೆ."

"ಹೆರಿಗೆಗಿಂತ ಜಾಸ್ತಿನಾ?"

ರಾಯರು ಯೋಚಿಸಿದರು. "ಹೆಚ್ಚುಕಡಿಮೆ ಅಷ್ಟೇ."

"ಮೂರ್ ಸಲ ಆ ಬಾಗ್ಲು ನೋಡ್ಕಂಡ್ ಬಂದಿದೀನಿ. ಆಗ ಯಾರೂ ನನ್ನ ಕೇಳಿರ್ಲಿಲ್ಲ" ಎಂದಳು ಪಾರ್ವತಮ್ಮ.

ಉಳಿದದ್ದನ್ನು ಹೇಳುವ ಕೆಲಸ ನನಗೆ ಬಿತ್ತು. ಮೊಲೆತೊಟ್ಟಿಗೆ ಸ್ಪರ್ಶ ತಿಳಿಯದೆ ಹೋಗಬಹುದು ಎಂದೆ. ಅದಕ್ಕೆ ಅವಳು ಗೋಡೆ ನೋಡಿದಳು. ಇನ್ನೊಂದು ಮಗುವಾದರೆ ಹಾಲು ಬರುತ್ತದೆಂಬ ಭರವಸೆಯಿಲ್ಲ, ಎತ್ತಿದ್ದು ಮತ್ತೆ ಇಳಿಯಲೂಬಹುದು, ಹೆರುವುದು ಮುಗಿದ ಮೇಲೆ ಮಾಡಿಸಿಕೊಳ್ಳುವುದೇ ಮೇಲು ಎಂದೆ. "ನಂದು ಮುಗೀತು. ಅದ್ನ ಮಾತ್ರ ನಮ್ ಯಜಮಾನ್ರಿಗೆ ನೀವೇ ಹೇಳ್ಬುಡಿ" ಎಂದಳು. ಒಂದು ತಿಂಗಳು ಮೊದಲೇ ಹೊಗೆಸೊಪ್ಪು ಬಿಡಬೇಕು, ಇಲ್ಲದಿದ್ದರೆ ಕ್ಲೋರೋಫಾರ್ಮ್ ಕೊಟ್ಟಾಗ ಕೆಮ್ಮು ಹತ್ತುತ್ತದೆ, ಗಾಯವೂ ಬೇಗ ಕೂಡುವುದಿಲ್ಲ ಎಂಬುದು ರಾಯರ ಗುರುಗಳ ಹಟವಾಗಿತ್ತು. ಸಾವಿಗೆ ಅಳದ ಹೆಂಗಸು ಹೊಗೆಸೊಪ್ಪಿಗೆ ಗಳಗಳ ಅತ್ತಳು.

ರಾಯರು ಅವಳಿಗೆ, ಮನೆಗೆ ಹೋಗಿ ಒಂದು ತಿಂಗಳು ಯೋಚನೆ ಮಾಡಿ ಬನ್ನಿ ಎಂದು ಹೇಳಿ ಕಳಿಸಿದರು. ಆ ತಿಂಗಳು ಅವರು ಅಭ್ಯಾಸಕ್ಕೆ ಕೂತರು. ಹತ್ತಿ ತುಂಬಿದ ಎರಡು ಬಟ್ಟೆಚೀಲ ಮಾಡಿಸಿ ಕಿಟಕಿಗೆ ನೇತುಹಾಕಿದರು. ಮಸಿಯಲ್ಲಿ ಗೆರೆ ಎಳೆಯುವುದು, ಕತ್ತರಿಸುವುದು, ಹೊಲಿಯುವುದು. ಬೀದಿಯಲ್ಲಿ ಹೋಗುವವರು ನಿಂತು ನೋಡಿ, ಡಾಕ್ಟರು ದಿಂಬಿನ ವ್ಯಾಪಾರ ಶುರುಮಾಡಿದ್ದಾರೆ ಎಂದು ಬೆಲೆ ಕೇಳಿದರು. ಗಾಯಕ್ಕೆ ಪಟ್ಟಿ ಕಟ್ಟುವ ನಮ್ಮ ಡ್ರೆಸ್ಸರ್ ಬಾಷಾ ಸಾಹೇಬರು ಸಿರಾದವರು, ದರ್ಜಿಗಳ ಮನೆತನ. ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ಅವರೇ ಕತ್ತರಿ ಈಸಿಕೊಂಡು ನೆರಿಗೆ ಹಿಡಿಯುವುದನ್ನು ತೋರಿಸಿಕೊಟ್ಟರು. ಆಮೇಲೆ ಒಂದು ಮಾತು ಹೇಳಿದರು.

"ಸಾಬ್, ನಾವು ಹೊಲಿಗೆನ ಬಟ್ಟೆ ಒಳಗಡೆ ಮಡಚಿ ಬಚ್ಚಿಡ್ತೀವಿ. ಚರ್ಮಕ್ಕೆ ಒಳಗಡೆ ಮಡಚೋಕೆ ಜಾಗ ಎಲ್ಲಿದೆ? ಬಿಲ್ಕುಲ್ ಕಾಣ್ತದೆ."

ರಾಯರು ಸೂಜಿ ಕೆಳಗಿಟ್ಟು ನನ್ನ ಕಡೆ ನೋಡಿದರು. "ಕಲೆ ಉಳಿಯುತ್ತದೆ ಅಂತ ಹೇಳಿದಿರಾ?" ನಾನು ಹೇಳಿರಲಿಲ್ಲ. ಅಷ್ಟೆಲ್ಲ ಹೇಳಿ, ಜೀವಮಾನವಿಡೀ ಕಣ್ಣಿಗೆ ಕಾಣುವ ಒಂದನ್ನೇ ಬಿಟ್ಟಿದ್ದೆ. ಪಾರ್ವತಮ್ಮ ಬಂದಾಗ ಮೊದಲು ಅದನ್ನೇ ಹೇಳಿದೆ. ತೊಟ್ಟಿನ ಸುತ್ತ ಒಂದು, ಅಲ್ಲಿಂದ ನೇರ ಕೆಳಕ್ಕೆ ಒಂದು, ಅಡಿಯಲ್ಲಿ ಅಡ್ಡಕ್ಕೆ ಒಂದು. "ಯಾರ್ ನೋಡ್ಬೇಕು ಬುಡಿ" ಎಂದಳು. ಆಮೇಲೆ ಸ್ವಲ್ಪ ನಾಚಿಕೊಂಡು, "ನೋಡೋರು ಒಬ್ರು, ಅವ್ರಿಗೂ ಚಾಳೀಸು ಬಂದು ಕಣ್ಣು ಮಂಜಾಗೈತೆ" ಎಂದಳು.

ಆ ಒಬ್ಬರು ಬಾಗಿಲ ಹೊರಗೇ ನಿಂತಿದ್ದರು. ಒಳಗೆ ಕರೆದರೆ ನಂಜುಂಡಪ್ಪ ಹೆಂಡತಿಯ ಜೀವದ ಬಗ್ಗೆ ಒಂದು ಪ್ರಶ್ನೆ ಕೇಳಿದ, ಮರ್ಯಾದೆಯ ಬಗ್ಗೆ ಹತ್ತು.

"ಇಂಥಾದ್ದಕ್ಕೆ ಆಪರೇಷನ್ನು ಅಂತ ಗೊತ್ತಾದ್ರೆ ಸಂತೇಲಿ ನಾನು ತಲೆ ಎತ್ತಂಗಿಲ್ಲ ನರ್ಸಮ್ಮ. ಅದುಕ್ಕೆ ಒಂದು ಉಪಾಯ ಮಾಡಿವ್ನಿ. ಆಪರೇಷನ್ನು ನಂಗೇ ಅಂತ ಊರಲ್ಲೆಲ್ಲ ಹೇಳ್ಬುಟ್ಟು ಬಂದಿವ್ನಿ. ಇವ್ಳು ನನ್ನ ನೋಡ್ಕಳಕ್ಕೆ ಬಂದವ್ಳೆ ಅಂತ."

"ನಿಮಗೆ ಏನು ಕಾಯಿಲೆ ಅಂತ ಹೇಳಿದ್ದೀರಿ?"

"ಅಂಡವಾಯು."

"ಅದೇ ಯಾಕೆ?"

"ಬೇರೆ ಏನ್ ಹೇಳುದ್ರೂ ತೋರ್ಸು ಅಂತಾರೆ. ಇದಾದ್ರೆ ಯಾರೂ ತೋರ್ಸು ಅನ್ನಲ್ಲ. ನಮ್ಮವ್ವಂಗೂ ಅಂಗೇ ಹೇಳಿವ್ನಿ."

ನನಗೆ ನಗು ಬಂತು, ಕನಿಕರವೂ ಬಂತು. ಅವಳ ಗುಟ್ಟು ಉಳಿಯುತ್ತದೆಯಲ್ಲ ಎಂದು ಒಪ್ಪಿದೆ. ಗಂಡಸರ ವಾರ್ಡಿನಲ್ಲಿ ಅವನಿಗೂ ಒಂದು ಹಾಸಿಗೆ ಕೊಟ್ಟೆ. ನೋಡಲು ಬಂದವರು ನಂಬಲಿ ಎಂದು ತಲೆಯ ಬಳಿ ಚೀಟಿ ತೂಗುಹಾಕಿದೆ. ನಂಜುಂಡಪ್ಪ, ಅಂಡವಾಯು, ನಾಳೆ ಶಸ್ತ್ರಕ್ರಿಯೆ. ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಇದು ನಾಟಕ ಎಂದು ಬಾಷಾ ಸಾಹೇಬರಿಗೆ ಹೇಳುವುದನ್ನು ಮರೆತೆ. ನನ್ನ ನೌಕರಿಯ ತಪ್ಪುಗಳಲ್ಲಿ ಇದು ರಾಜ.

ಬಾಷಾ ಸಾಹೇಬರು ಚೀಟಿಯಲ್ಲಿರುವುದನ್ನು ಬರಾಬರ್ ಮಾಡುವ ಮನುಷ್ಯ. ಸಂಜೆ ಐದಕ್ಕೆ ನಂಜುಂಡಪ್ಪನಿಗೆ ದೊಡ್ಡ ಬಟ್ಟಲು ಹರಳೆಣ್ಣೆ ಕುಡಿಸಿದರು, ಊಟ ಬಂದ್ ಮಾಡಿದರು. ಬೆಳಿಗ್ಗೆ ಕ್ಷೌರದ ಕತ್ತಿ ತಂದು ಬೇಕಾದ ಜಾಗವೆಲ್ಲ ನುಣ್ಣಗೆ ಮಾಡಿ ಅಯೋಡಿನ್ ಬಳಿದರು. ನಂಜುಂಡಪ್ಪ ಒಂದು ಮಾತೂ ಆಡಲಿಲ್ಲ. "ನಾಟಕ ಅಂದ್ ಮ್ಯಾಲೆ ಚೆನ್ನಾಗೇ ಆಡುಸ್ತಾವ್ರೆ ಅಂದ್ಕಂಡೆ" ಎಂದು ಆಮೇಲೆ ಹೇಳಿದ.

ಇತ್ತ ನಮ್ಮ ತಲೆಬಿಸಿ ಬೇರೆ. ರಾಯರು ಹಿಂದಿನ ಸಂಜೆ ಪಾರ್ವತಮ್ಮನನ್ನು ನಿಲ್ಲಿಸಿಕೊಂಡು, ಅಳತೆ ಹಿಡಿದು, ಒಂದು ಗಂಟೆ ಮಸಿಯಲ್ಲಿ ಗೆರೆ ಎಳೆದಿದ್ದರು. ಮಲಗಿಸಿ ಎಳೆದರೆ ಎಲ್ಲ ಪಕ್ಕಕ್ಕೆ ಜಾರಿ ಅಳತೆ ಕೆಡುತ್ತದೆ. ಪಾರ್ವತಮ್ಮ ಬೆಳಿಗ್ಗೆ ಎದ್ದವಳೇ ಸೀಗೆಪುಡಿ ಹಾಕಿ ತಿಕ್ಕಿ ಸ್ನಾನ ಮಾಡಿ ಲಿಂಗಪೂಜೆಗೆ ಕೂತಳು. ಗೆರೆಗಳು ಬಚ್ಚಲಲ್ಲಿ ಹರಿದುಹೋದವು. ತೊಳೆಯಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾರು ಎಂದರೆ ನಾನೇ. ರಾಯರು ಬಯ್ಯದೆ ಮತ್ತೆ ನಿಲ್ಲಿಸಿ ಗೆರೆ ಎಳೆದರು.

ಆಮೇಲೆ ಲಿಂಗದ ವಿಚಾರ ಬಂತು. ಕೊರಳಿನ ಲಿಂಗದ ಕರಡಿಗೆ ಸರಿಯಾಗಿ ಕತ್ತಿ ಆಡಬೇಕಾದ ಜಾಗದಲ್ಲೇ ತೂಗುತ್ತಿತ್ತು. "ಲಿಂಗ ಮೈ ಬುಟ್ಟು ಇರಂಗಿಲ್ಲ. ಅದ್ನ ತೆಗುದ್ರೆ ನನ್ನೂ ಇಲ್ಲೇ ಮಣ್ಣು ಮಾಡ್ಬುಡಿ" ಎಂದಳು. ರಾಯರು ಒಂದು ಕ್ಷಣವೂ ತಡಮಾಡದೆ, "ತೆಗೆಯುವುದು ಬೇಡ, ತಲೆಗೆ ಕಟ್ಟಿ" ಎಂದರು. ಬಿಳಿಯ ಬಟ್ಟೆಯಲ್ಲಿ ಕರಡಿಗೆಯನ್ನು ಸುತ್ತಿ ಅವಳ ನೆತ್ತಿಗೆ ಕಟ್ಟಿದೆ. ಕ್ಲೋರೋಫಾರ್ಮ್ ಕೊಡಲು ತುಮಕೂರಿನಿಂದ ಬಂದಿದ್ದ ಡಾಕ್ಟರು ಮೂರು ಗಂಟೆಯ ಕಾಲ ಒಂದು ಕೈಯಲ್ಲಿ ಔಷಧ ಹನಿಸುತ್ತಾ, ಇನ್ನೊಂದು ಕೈಯಲ್ಲಿ ಅದನ್ನು ಜಾರದಂತೆ ಹಿಡಿದೇ ಇದ್ದರು.

ಬಲಗಡೆ ಮುಗಿದು ಎಡಗಡೆ ಅರ್ಧವಾಗಿತ್ತು. ನನ್ನ ಕೈಯಲ್ಲಿ ದಾರ. ಆಗ ಬಾಗಿಲು ತೆರೆಯಿತು. ಬಾಷಾ ಸಾಹೇಬರು ಗಾಲಿಮಂಚ ತಳ್ಳಿಕೊಂಡು ಬಂದರು. ಅದರ ಮೇಲೆ ಬಿಳಿ ಚಾದರ ಹೊದ್ದ ನಂಜುಂಡಪ್ಪ.

"ಯಾರಿದು?" ಎಂದರು ರಾಯರು ತಲೆ ಎತ್ತದೆ.

"ಎರಡನೇ ಕೇಸ್ ಸಾಬ್. ಅಂಡವಾಯು. ತಯಾರ್ ಇದೆ."

ನಂಜುಂಡಪ್ಪ ತಲೆ ಎತ್ತಿ ನೋಡಿದ. ತಟ್ಟೆಯಲ್ಲಿ ಕತ್ತಿಗಳು, ರಾಯರ ಕೈಯಲ್ಲಿ ರಕ್ತ, ಮೇಜಿನ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಡತಿ. ಇದು ನಾಟಕವಲ್ಲ ಎಂದು ಆಗ ಹೊಳೆಯಿತು. "ಅಯ್ಯಯ್ಯೋ, ನಂಗೇನೂ ಆಗಿಲ್ಲ ಕಣ್ರಪ್ಪೋ! ನಾನು ಸುಳ್ಳು ರೋಗಿ! ಸುಳ್ಳು ರೋಗಿ!" ಎಂದು ಕೂಗಿ ಮಂಚದಿಂದ ಹಾರಿದ. ಚಾದರ ಮಂಚದಲ್ಲೇ ಉಳಿಯಿತು. ಎಲ್ಲ ರೋಗಿಗಳೂ ಕೊನೆಗಳಿಗೆಯಲ್ಲಿ ಹೀಗೇ ಹೇಳುತ್ತಾರೆ ಎಂದು ಬಾಷಾ ಸಾಹೇಬರು ಬೆನ್ನಟ್ಟಿದರು. ನಾನು ಕದಲುವಂತಿಲ್ಲ, ಕೈಯಲ್ಲಿ ದಾರ. ಬಾಗಿಲ ಕಡೆ ಮುಖ ಮಾಡಿ, "ಬಿಡಿ ಸಾಹೇಬರೇ, ಅವರಿಗೆ ಏನೂ ಇಲ್ಲ!" ಎಂದು ಜೀವಮಾನದಲ್ಲಿ ಕೂಗದಷ್ಟು ಜೋರಾಗಿ ಕೂಗಿದೆ. ರಾಯರು, "ದಾರ" ಎಂದು ಕೈ ಚಾಚಿದರು.

ಪಾರ್ವತಮ್ಮ ಬದುಕಿದಳು. ಎರಡನೆಯ ದಿನ ಜ್ವರ ಬಂತು, ಮೂರನೆಯ ದಿನ ಇಳಿಯಿತು. ಆ ಎರಡು ದಿನ ರಾಯರು ಮನೆಗೆ ಹೋಗಲಿಲ್ಲ. ಆರು ವಾರ ಕೈ ಮೇಲೆತ್ತಬಾರದು, ಒಂದು ಚೊಂಬು ನೀರೂ ಎತ್ತಬಾರದು ಎಂದು ಅವಳಿಗೆ ದಿನಕ್ಕೆ ಮೂರು ಸಲ ಹೇಳುತ್ತಿದ್ದೆ. ಅತ್ತ ಗಂಡಸರ ವಾರ್ಡಿಗೆ ಕೊರಟಗೆರೆಯಿಂದ ಗಾಡಿಗಟ್ಟಲೆ ಜನ ಬಂದರು. ನಂಜುಂಡಪ್ಪ ಬಾಳೆಹಣ್ಣು, ಎಳನೀರುಗಳ ನಡುವೆ ನರಳುತ್ತಾ ಮಲಗಿದ್ದ. ಕ್ಷೌರ ಮಾಡಿದ ಜಾಗ ತುರಿಸುತ್ತಿದ್ದರಿಂದ ನರಳಾಟದಲ್ಲಿ ಸ್ವಲ್ಪ ನಿಜವೂ ಇತ್ತು.

ನಾಲ್ಕನೆಯ ದಿನ ಅವನ ತಾಯಿ ಹೊನ್ನಮ್ಮ ಬಂದಳು. ಅರವತ್ತು ದಾಟಿದ, ಗಟ್ಟಿದನಿಯ ಹೆಂಗಸು. ಮಗನನ್ನು ಕಂಡು ಅತ್ತಳು. ಆಮೇಲೆ ಸೊಸೆ ಎಲ್ಲಿ ಎಂದು ಹುಡುಕಿದಳು. ಸೊಸೆ ಹೆಂಗಸರ ವಾರ್ಡಿನಲ್ಲಿ ಕಂಬಳಿ ಹೊದ್ದು ಮಲಗಿದ್ದಳು.

"ಗಂಡ ಅಲ್ಲಿ ಅಂಗೆ ಬಿದ್ದವ್ನೆ, ಇವ್ಳು ಇಲ್ಲಿ ರಾಣಿ ಇದ್ದಂಗೆ ಮಲ್ಗವ್ಳೆ! ಎದ್ದೇಳೇ! ಅವ್ನ ಕಾಲಿಗೆ ಬಿಸ್ನೀರು ಹಾಕ್ಬೇಕು, ಸೇದ್ಕಂಡ್ ಬಾ!"

ಪಾರ್ವತಮ್ಮ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಗಂಡನಿಗೆ ಮಾತು ಕೊಟ್ಟಿದ್ದಳು. ಸುಮ್ಮನೆ ಎದ್ದು ಹೋದಳು. ನಾನು ಔಷಧದ ಕೋಣೆಯಿಂದ ಹೊರಬಂದಾಗ ಅವಳು ಬಾವಿಯ ಹತ್ತಿರ ಹಗ್ಗ ಹಿಡಿದು ಬಗ್ಗಿದ್ದಳು. ಕೊಡ ಅರ್ಧಕ್ಕೆ ಬಂದಿತ್ತು. ಓಡಿದೆ. ಹಗ್ಗ ಕಸಿದು ಬಿಟ್ಟೆ, ಕೊಡ ದಡಾರನೆ ಬಾವಿಗೆ ಬಿತ್ತು. ಪಾರ್ವತಮ್ಮನ ಮುಖ ಸುಣ್ಣದಂತಾಗಿತ್ತು. ಎಡಗಡೆಯ ಪಟ್ಟಿಯ ಮೇಲೆ ಕೆಂಪು ಹರಡುತ್ತಿತ್ತು.

"ಒಂದ್ ಮಾತು ಹೇಳಬಾರದಿತ್ತೇನಮ್ಮ ಅತ್ತೆಗೆ?"

"ಅವ್ರ ಮರ್ವಾದೆ..." ಎಂದು ನನ್ನ ತೋಳಿನ ಮೇಲೆ ಕುಸಿದಳು.

ನಾಲ್ಕು ಹೊಲಿಗೆ ಬಿಟ್ಟಿತ್ತು. ರಾಯರು ಮತ್ತೆ ಹಾಕಿದರು. ಆ ಮನೆಯಲ್ಲಿ ರೋಗಿಗೆ ಎಲ್ಲ ಹೇಳಿದ್ದೆವು, ಗಂಡನಿಗೆ ಅರ್ಧ, ಅತ್ತೆಗೆ ಏನೂ ಇಲ್ಲ. ನೀರು ಸೇದಿಸುವವಳು ಮಾತ್ರ ಅತ್ತೆ. ಬಾಗಿಲಾಚೆ ಹೊನ್ನಮ್ಮ, "ಏನಾಯ್ತು, ಯಾಕೆ ರಕ್ತ" ಎಂದು ಕೂಗುತ್ತಿದ್ದಳು. ನಾನು ಹೊರಗೆ ಹೋಗಿ ಅವಳನ್ನು ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮಾತು ಮುಗಿಯುವ ಮೊದಲೇ ಎದ್ದು ಗಂಡಸರ ವಾರ್ಡಿಗೆ ಹೋದಳು. ಕೊರಟಗೆರೆಯ ಏಳೆಂಟು ಜನ ನೋಡುತ್ತಿದ್ದಂತೆ ಮಗನ ಕಂಬಳಿ ಕಿತ್ತೆಸೆದಳು.

"ಎದ್ದೇಳ್ಲಾ, ಅಂಡವಾಯು! ಕೊಡ ಬಾವಿಗೆ ಬಿದ್ದೈತೆ, ಹೋಗಿ ಎತ್ಕಂಡ್ ಬಾ! ಆರು ವಾರ ನೀರು ನೀನೇ ಸೇದ್ಬೇಕು!"

ಗುಟ್ಟು ಅಲ್ಲಿಗೆ ಮುಗಿಯಿತು. ಆಶ್ಚರ್ಯವೆಂದರೆ ಸಂತೆಯಲ್ಲಿ ಜನ ನಕ್ಕದ್ದು ಆಪರೇಷನ್ನಿಗಲ್ಲ, ಹರಳೆಣ್ಣೆಗೆ.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದೆವು. ಬಲಗಡೆ ಗೆರೆ ತೆಳ್ಳಗೆ ಕೂಡಿತ್ತು. ಎಡಗಡೆ, ಬಾವಿಯ ಹತ್ತಿರ ಬಿಟ್ಟ ಜಾಗದಲ್ಲಿ, ಬೆರಳಗಲ ಕಲೆ. ಒಂದು ಕಡೆಯ ತೊಟ್ಟಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ, ಮುಂದೆಯೂ ಬರಲಿಲ್ಲ. ಪಾರ್ವತಮ್ಮ ಕೆಳಗೆ ನೋಡಿಕೊಂಡು, "ನನ್ ಹೊಟ್ಟೆ ಕಾಣ್ತೈತೆ" ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು. ಎದ್ದು ನಿಂತಾಗ ನನಗಿಂತ ಎತ್ತರ ಇದ್ದಾಳೆಂದು ಅಂದೇ ನನಗೆ ತಿಳಿದದ್ದು.

ಹೊನ್ನಮ್ಮ ಗೋಡೆಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು. ಪಾರ್ವತಮ್ಮ ಹೊರಗೆ ಹೋದ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ. ನಾನು ಹತ್ತಿ, ಬಟ್ಟಲು ಎತ್ತಿಡುತ್ತಿದ್ದೆ.

"ಎತ್ತೋದು ಎತ್ತೋದು ಅಂತೀರಲ್ಲ ಎಲ್ರೂ, ಇದು ಬಾರ ಇಳ್ಸೋದು ಕಣವ್ವ" ಎಂದಳು. ಆ ಗಟ್ಟಿದನಿ ಎಲ್ಲಿ ಹೋಯಿತೋ. "ನಂದೂ ಅವ್ಳಂಗೇ. ನಲ್ವತ್ತು ಬ್ಯಾಸ್ಗೆ ಇದ್ರಡೀಗೆ ಗಂಧ ತೇಯ್ದು ಹಚ್ಕಂಡು ಕಳ್ದೆ. ಇಳ್ಸಬೌದು ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲ."

ರಾಯರನ್ನು ಕರೆಯಲೇ ಎಂದು ಕೇಳಿದೆ. ಬೇಡ ಎಂದು ಕೈಯಾಡಿಸಿದಳು. "ಈ ವಯಸ್ಸಲ್ಲಿ ಕತ್ತಿ ಬ್ಯಾಡ. ನೀನು ಒಂದ್ ಸಲ ನೋಡ್ಬುಡು. ಸಾಕು."

ಬಾಗಿಲಿಗೆ ಅಗುಳಿ ಹಾಕಿದೆ. ಯಾರಿಗೂ ತೋರಿಸದ ಹೆಂಗಸಿಗೆ ಕುಪ್ಪಸದ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅಡಿಯ ಚರ್ಮ ಕಪ್ಪಾಗಿ, ಬಿರಿದು, ಅಲ್ಲಲ್ಲಿ ಹಸಿಯಾಗಿತ್ತು. ಒಣಗಿದ ಗಂಧ ಮಡಿಕೆಗಳಲ್ಲಿ ಗಟ್ಟಿಕಟ್ಟಿತ್ತು. ಬೆಚ್ಚಗಿನ ನೀರು ತಂದೆ. ಒಂದು ಕೈಯಲ್ಲಿ ಭಾರವನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನಿಧಾನವಾಗಿ ತೊಳೆದು, ಒರೆಸಿ, ಬಿಳಿಯ ಪುಡಿ ಹಚ್ಚಿದೆ. ಅಷ್ಟು ಹೊತ್ತು ಹೊನ್ನಮ್ಮ ಕಣ್ಣು ಮುಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು.